ಕಿಟಕಿ ಕಟ್ಟೆಯ ಇಪ್ಪತ್ತು ನಿಮಿಷ

ಇನ್ನೂ ಬೆಳ್ಳಗೇ ಇದೆ, ಪರದೆಯ ಮೇಲಿನ ತಟ್ಟೆ, ಸಮುದ್ರದಾಚೆಯ ಯಾವುದೋ ಅಂಗಡಿಯ ಮೇಜಿನ ಮೇಲೆ ಹನ್ನೆರಡು ಕೊಂಬುಗಳು ಸಾಲಾಗಿ ಮಲಗಿವೆ, ಮೈಮೇಲೆ ಹಿಮದ ಪುಡಿ ಹಾಗೇ ಇದೆ, ಇಲ್ಲ, ಅಂಚಿನಲ್ಲಿರುವುದರ ಬೆನ್ನು ಸ್ವಲ್ಪ ಮಂಕಾಯಿತೋ ಅಥವಾ ಪರದೆಯೇ ಮಂಕೋ, ಮೀಟಿಂಗ್ ಕೋಣೆಯ ಈ ಪರದೆ ಗೋಡೆಯಷ್ಟು ದೊಡ್ಡದಿದ್ದರೂ ಬೇಕಾದದ್ದೊಂದು ಕಾಣುವುದಿಲ್ಲ, ಅವಳಿಗೆ ಬೇಕಾದದ್ದು ಒಂದು ಹನಿ, ತಟ್ಟೆಯ ಅಂಚಿನಲ್ಲಿ ಕೂಡಿಕೊಂಡು ತೂಗಿ ತೂಗಿ ಬೀಳುವ ಒಂದೇ ಒಂದು ಹನಿ, ಅದು ಬಿತ್ತೆಂದರೆ ಉಳಿದದ್ದನ್ನು ನೋಡಬೇಕಾಗಿಯೇ ಇಲ್ಲ, ಆದರೆ ಇಷ್ಟು ದೂರದಿಂದ ಹನಿ ಯಾರಿಗೆ ಕಂಡೀತು, ಆರು ನಿಮಿಷವಾಯಿತು, ಇನ್ನು ಹದಿನಾಲ್ಕು. ಎಡಗಡೆ ಯಜಮಾನರು, ಒಂದು ನಿಮಿಷ ಸುಮ್ಮನೆ ಕೂತದ್ದನ್ನು ಯಾರೂ ಕಾಣದ ಮನುಷ್ಯ, ಊಟ ಮಾಡುವಾಗಲೂ ನಿಂತೇ ಇರುವವರು, ಈಗ ಕೈ ಕಟ್ಟಿಕೊಂಡು ಕೂತಿದ್ದಾರೆ, ಬಲಗಡೆ ಕ್ವಾಲಿಟಿ ಮೇಡಂ ತನ್ನ ಗಡಿಯಾರವನ್ನೇ ನುಂಗುವ ಹಾಗೆ ನೋಡುತ್ತಿದ್ದಾಳೆ, ಪರದೆಯೊಳಗೆ ಕೆಂಪು ಕನ್ನಡಕದ ಹೆಂಗಸು, ಅವಳ ಹಿಂದೆ ಏಪ್ರನ್ ಹಾಕಿಕೊಂಡ ಇಬ್ಬರು, ಅವರೂ ಕೂತಿದ್ದಾರೆ, ಎರಡು ದೇಶಗಳ ಜನ ಕೆಲಸ ಬಿಟ್ಟು ಕಾಯುತ್ತಿದ್ದಾರಲ್ಲ, ಯಾಕೆ ಅಂತ ಕೇಳಿದರೆ ಯಾರಾದರೂ ನಂಬುತ್ತಾರೆಯೇ, ಆಫೀಸಿನವರ ತಿರುಗು ಕುರ್ಚಿಯಲ್ಲಿ ಮೊದಲ ಸಲ ಕೂತಿರುವ ಅವಳು ಮೇಜಿನ ಕೆಳಗೆ ಬಲಗಾಲನ್ನು ಮೆಲ್ಲಗೆ ಚಾಚಿದಳು, ಮಂಡಿ ಕಟಕ್ಕೆಂದಿತು, ಸದ್ದು ಮಾಡಬೇಡವೇ ಮಹಾರಾಯ್ತಿ, ಎಲ್ಲ ನಿನ್ನ ದೆಸೆಯಿಂದಲೇ.

ಕೊಂಬು ಅನ್ನುವುದು ಇಲ್ಲಿನವರ ಬಾಯಲ್ಲಿ, ಡಬ್ಬದ ಮೇಲೆ ಕ್ರೊಸಾಂಟ್ ಅಂತ ಅಚ್ಚಾಗಿರುತ್ತದೆ, ದಿನಕ್ಕೆ ನಾಲ್ಕು ಲಕ್ಷ ಕೊಂಬು, ಬೆಣ್ಣೆ ಮಡಿಸಿ ಮಡಿಸಿ ಪದರ ಮಾಡಿ, ಸುತ್ತಿ, ಉಬ್ಬಿಸಿ, ಹಸಿಯಾಗಿಯೇ ಹಿಮದ ಹೊಟ್ಟೆಗೆ ಹಾಕಿ ಕಲ್ಲು ಮಾಡಿ ಹಡಗು ಹತ್ತಿಸುವುದು, ಯಾವುದೋ ದೇಶದ ಯಾವುದೋ ರಸ್ತೆಯ ಅಂಗಡಿಯವನು ಬೆಳಿಗ್ಗೆ ಒಲೆಗೆ ತಳ್ಳಿದರೆ ಅಲ್ಲಿ ಘಮ್ಮೆನ್ನುತ್ತದೆ, ಇಲ್ಲಿ ಏನೂ ಇಲ್ಲ, ಒಂಬೈನೂರು ಜನ ಕೆಲಸ ಮಾಡುವ ಈ ಬೇಕರಿಯಲ್ಲಿ ಬ್ರೆಡ್ಡಿನ ವಾಸನೆಯೇ ಇಲ್ಲ, ಹೊಸದಾಗಿ ಸೇರಿದವರು ಮೊದಲ ದಿನ ಮೂಗು ಅರಳಿಸಿಕೊಂಡು ಬಂದು ಪೆಚ್ಚಾಗುತ್ತಾರೆ, ಆಸ್ಪತ್ರೆ ಥರ ಇದೆಯಲ್ಲ ಅಂತಾರೆ. ಒಲೆ ಅಂತ ಇರುವುದು ಒಂದೇ, ಎರಡನೇ ಮಹಡಿಯ ಪರೀಕ್ಷೆ ಕೋಣೆಯಲ್ಲಿ, ಅವಳದು. ಹದಿನೆಂಟು ವರ್ಷ. ಕೆಳಗಿನ ಕೋಲ್ಡ್ ರೂಮಿನಿಂದ ಒಟ್ಟಿಗೆ ತಯಾರಾದ ಪ್ರತಿ ಲಾಟಿಗೆ ಒಂದು ತಟ್ಟೆ ಎತ್ತಿಕೊಂಡು ಹೋಗಿ ಸುಟ್ಟು, ಎತ್ತರ ಅಳೆದು, ಮುರಿದು ನೋಡಿ, ತಿಂದು, ಕಾರ್ಡಿನಲ್ಲಿ ಬರೆಯುವುದು, ಅದಕ್ಕೇ ಅವಳು ಒಲೆ ಅಕ್ಕ, ಯಜಮಾನರಿಗೂ ಒಲೆ ಅಕ್ಕ, ಪ್ಯಾಕಿಂಗಿನಲ್ಲಿರುವ ಸ್ವಂತ ನಾದಿನಿ ಕೂಡ ಕಂಪನಿ ಗೇಟು ದಾಟಿದ ಮೇಲೆ ಅತ್ತಿಗೆ ಅನ್ನದೆ ಒಲೆ ಅಕ್ಕ ಅನ್ನುತ್ತಾಳೆ, ಮತ್ತೆ ಎಲ್ಲರೂ ಅನ್ನುತ್ತಿದ್ದದ್ದು ಇನ್ನೊಂದು, ಅಕ್ಕನ ಕೈಗುಣ, ಅವಳು ಸುಟ್ಟದ್ದು ಬೇರೆ ಯಾರು ಸುಟ್ಟರೂ ಹಾಗೆ ಬರೋದಿಲ್ಲ. ಆ ಮಾತನ್ನು ಅವಳು ಎಷ್ಟು ವರ್ಷ ಬಾಯಲ್ಲಿ ಬೆಲ್ಲದ ಹಾಗೆ ಚಪ್ಪರಿಸಿದ್ದಳು, ಬೇಡ ಬಿಡಿ ಅನ್ನುತ್ತಲೇ ಇನ್ನೊಮ್ಮೆ ಹೇಳಲಿ ಅಂತ ಕಾದಿದ್ದಳು — ಹನ್ನೊಂದು ನಿಮಿಷ. ಅಂಚಿನದು ಹೊಳೆಯುತ್ತಿದೆ, ಹೌದು, ಒದ್ದೆಯ ಹೊಳಪು.

ಕೆಂಪು ಕನ್ನಡಕದವಳ ದೂರು ಬಂದು ನಾಲ್ಕು ತಿಂಗಳು. ಮುನ್ನೂರು ಅಂಗಡಿಯ ಹೊಸ ದೊಡ್ಡ ಗಿರಾಕಿ, ಕೊಂಬು ಮಾಡುವ ಮೂರನೇ ಲೈನ್ ಓಡುವುದೇ ಅವರಿಗಾಗಿ, ನಿಮ್ಮ ಮಾಲು ಉಬ್ಬುತ್ತಿಲ್ಲ, ಒಲೆಯಿಂದ ಚಪ್ಪಟೆಯಾಗಿ ಬರುತ್ತಿದೆ ಅಂತ ಫೋಟೋ ಕಳಿಸಿದಳು, ನೋಡಿದರೆ ಬಿಸಿಲಿಗೆ ಬಿಟ್ಟ ಹಳೇ ಚಪ್ಪಲಿಯ ಸಾಲು. ಇಲ್ಲಿ ಅದೇ ಲಾಟಿನ ತಟ್ಟೆ ಅವಳ ಒಲೆಯಿಂದ ಮದುಮಗನ ಪೇಟದ ಹಾಗೆ ಎದ್ದು ಬರುತ್ತಿತ್ತು. ಮೈದಾ ಬದಲಾಯಿತು, ಈಸ್ಟ್ ಬದಲಾಯಿತು, ಬೆಣ್ಣೆಯವನನ್ನು ಕರೆಸಿ ಬೈದದ್ದಾಯಿತು, ಹಡಗಿನಲ್ಲಿ ಕರಗಿರಬೇಕು ಅಂತ ಒಬ್ಬರು, ಅವರಿಗೆ ನಮ್ಮನ್ನು ಬಿಡಬೇಕಾಗಿದೆ, ನೆಪ ಹುಡುಕುತ್ತಿದ್ದಾರೆ ಅಂತ ಇನ್ನೊಬ್ಬರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಯಜಮಾನರು ಆಚೆಯವರನ್ನು ಆಡಿಕೊಂಡರು, ಎಲ್ಲರೂ ನಕ್ಕರು, ಅವಳೂ ನಕ್ಕಳು, ಮುಂದಿನ ತಿಂಗಳಿಂದ ಬೇಡ ಅಂತ ಪತ್ರ ಬಂದ ದಿನ ಯಾರೂ ನಗಲಿಲ್ಲ. ಮೂರನೇ ಲೈನಿನಲ್ಲಿ ನೂರ ನಲವತ್ತು ಜನ. ನಾದಿನಿ ಆ ಸಂಜೆ ಬಸ್ಸಿನಲ್ಲಿ ಪಕ್ಕ ಕೂತು ಕಿಟಕಿಯಾಚೆ ನೋಡುತ್ತ, ಅತ್ತಿಗೆ, ನಾನು ಡಬ್ಬ ಮಡಚೋದು ಬಿಟ್ಟು ಬೇರೆ ಏನೂ ಕಲೀಲಿಲ್ವಲ್ಲ ಅಂದಳು, ಅಳಲಿಲ್ಲ, ಟಿಕೆಟ್ಟನ್ನೇ ಡಬ್ಬ ಮಾಡಿ ಮಡಚಿ ಕೈಗಿಟ್ಟಳು, ಆ ಪುಟ್ಟ ಕಾಗದದ ಡಬ್ಬ ಇನ್ನೂ ಅವಳ ಕೈಚೀಲದಲ್ಲಿದೆ, ಈಗಲೂ ತೊಡೆಯ ಮೇಲಿನ ಚೀಲದೊಳಗೆ ಬೆರಳಿಗೆ ಸಿಗುತ್ತಿದೆ.

ಮಂಡಿ ಹೋದದ್ದು ಒಂಬತ್ತು ವರ್ಷದ ಹಿಂದೆ, ಕೋಲ್ಡ್ ರೂಮಿನ ಬಾಗಿಲಲ್ಲಿ, ಮಂಜುಗಟ್ಟಿದ ನೆಲದ ಮೇಲೆ ಕಾಲು ಜಾರಿ, ತಟ್ಟೆ ಮಾತ್ರ ಬೀಳಲಿಲ್ಲ, ತಟ್ಟೆ ಉಳಿಸಲು ಹೋಗಿ ಕಾಲು ಕಳಕೊಂಡಳು ಅನ್ನಬೇಕು. ಯಾರಿಗೂ ಹೇಳಲಿಲ್ಲ. ಅದಕ್ಕೆ ಹಿಂದಿನ ವರ್ಷವಷ್ಟೇ ಬೆನ್ನುನೋವು ಬಂದ ಹಿಟ್ಟು ನಾದುವವನಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಚಪ್ಪಾಳೆ ತಟ್ಟಿ, ಆರಾಮ ತಗೋಳಿ ಅಂತ ಮನೆಗೆ ಕಳಿಸಿದ್ದರು, ಅವಳ ಮನೆಯಲ್ಲಿ ಗಡಿಯಾರ ಆಗಲೇ ಇತ್ತು. ಸ್ನಾನದ ಮನೆಯಲ್ಲಿ ಬಿದ್ದೆ ಅಂದಳು. ಅಲ್ಲಿಂದ ಮುಂದೆ ನಡಿಗೆಯೇ ಬೇರೆಯಾಯಿತು — ತಟ್ಟೆಯನ್ನು ಬೆಂಚಿನ ಮೇಲಿಟ್ಟು ಚಳಿಕೋಟು ಬಿಚ್ಚಬೇಕು, ಬೂಟು ಬಿಚ್ಚುವಾಗ ಮಂಡಿಯ ಹತ್ತಿರ ಮಾತುಕತೆ ನಡೆಸಬೇಕು, ಉದ್ದ ಓಣಿ, ಮೂವತ್ತೆರಡು ಮೆಟ್ಟಿಲು, ಲಿಫ್ಟ್ ಇರುವುದು ಮಾಲಿಗೆ, ಮನುಷ್ಯರಿಗಲ್ಲ, ಹನ್ನೊಂದನೇ ಮೆಟ್ಟಿಲಲ್ಲಿ ಒಮ್ಮೆ ನಿಲ್ಲು, ತಿರುವಿನಲ್ಲಿ ಕಿಟಕಿ, ಕಿಟಕಿಯ ಕಟ್ಟೆ ತಟ್ಟೆಗೆ ಅಂತಲೇ ಅಳತೆ ಕೊಟ್ಟು ಕಟ್ಟಿದಷ್ಟು ಅಗಲ, ಅದರ ಮೇಲೆ ತಟ್ಟೆ ಇಟ್ಟು, ಬೆನ್ನು ಗೋಡೆಗೆ ಕೊಟ್ಟು, ನೋವು ಇಳಿಯುವ ತನಕ ಬಿಸಿಲಲ್ಲಿ ಸುಮ್ಮನೆ ನಿಲ್ಲುವುದು, ಕೊಂಬುಗಳ ಮೇಲಿನ ಬಿಳಿ ನಿಧಾನಕ್ಕೆ ಒದ್ದೆಯಾಗುತ್ತದೆ, ಒದ್ದೆ ಅಂಚಿಗೆ ಹರಿಯುತ್ತದೆ, ಅಂಚಿನಲ್ಲಿ ಒಂದು ಹನಿ ಕೂಡುತ್ತದೆ, ಅದು ಕಟ್ಟೆಗೆ ಬೀಳುವ ಹೊತ್ತಿಗೆ ಸರಿಯಾಗಿ ಮಂಡಿ ಸರಿ ಹೋಗೋಣ ಅನ್ನುತ್ತದೆ. ಕಾರ್ಡಿನಲ್ಲಿ ಒಂದು ಚೌಕ, ಹೊರತೆಗೆದು ಎಷ್ಟು ನಿಮಿಷಕ್ಕೆ ಒಲೆಗೆ ಇಟ್ಟಿರಿ, ಐದರೊಳಗೆ ಇರಬೇಕು, ಅವಳು ನಾಲ್ಕು ಅಂತ ಬರೆದಳು. ಮರುದಿನವೂ ನಾಲ್ಕು. ಒಂಬತ್ತು ವರ್ಷ ನಾಲ್ಕು ನಾಲ್ಕು ನಾಲ್ಕು, ಎರಡನೇ ತಿಂಗಳಿಂದ ಬರೆಯುವ ಮೊದಲು ಆಚೀಚೆ ನೋಡುವುದೂ ನಿಂತಿತ್ತು, ಸುಳ್ಳೂ ಒಂದು ಕೆಲಸ, ಅಭ್ಯಾಸವಾಗುತ್ತದೆ. ಅವಳು ಜಾರಿದ ವರ್ಷವೇ ಕಂಪನಿ ಈ ಹೊಸ ಕೊಂಬು ತಂದದ್ದು, ಫ್ರೀಜರ್‌ನಿಂದ ನೇರವಾಗಿ ಒಲೆಗೆ ಅಂತ ಡಬ್ಬದ ಮೇಲೆ ದೊಡ್ಡ ಅಕ್ಷರ, ಹಾಗೆ ಬರೆಯಬಹುದು ಅಂತ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟ ಒಲೆ ಯಾವುದು, ಅವಳದೇ.

ಗೊತ್ತಾದದ್ದು ಅತ್ತೆಯ ಕಣ್ಣಿನ ದೆಸೆಯಿಂದ. ಪೊರೆ ತೆಗೆಸಲು ಎರಡು ದಿನ ರಜೆ ಹಾಕಿದ್ದಳು, ಆ ಎರಡು ದಿನ ಕ್ವಾಲಿಟಿ ಮೇಡಂ ತಾನೇ ಸುಟ್ಟಳು, ಪಾಪ ಎಳೆಯ ಕಾಲು, ಮೆಟ್ಟಿಲನ್ನು ಎರಡೆರಡಾಗಿ ಹಾರುವವಳು, ಎರಡು ದಿನವೂ ಚಪ್ಪಟೆ, ತನ್ನ ಒಲೆ ಅಭ್ಯಾಸ ಸಾಲದು ಅಂದುಕೊಂಡು ಬಿಸಾಡಿಬಿಟ್ಟಳಂತೆ, ಏನೇ ಹೇಳಿ ಅಕ್ಕ, ನಿಮ್ಮ ಕೈಗುಣ ನನಗೆ ಬರಲ್ಲ ಅಂದಳು ನಗುತ್ತ. ಒಲೆ ಅಕ್ಕ ಉಬ್ಬಿಹೋದಳು, ನಾಚಿಕೆಯಿಲ್ಲದೆ ಉಬ್ಬಿದಳು, ಆ ಉಬ್ಬನ್ನು ಹೊತ್ತುಕೊಂಡೇ ತಟ್ಟೆಯನ್ನೂ ಹೊತ್ತು ಮೆಟ್ಟಿಲು ಹತ್ತಿದಳು, ಕಟ್ಟೆಯ ಮೇಲೆ ಇಟ್ಟಳು, ಬಿಸಿಲು, ಹನಿ ಕೂಡಿತು, ತೂಗಿತು, ಬಿತ್ತು — ಆಗ ಅನ್ನಿಸಿತು, ಮೇಡಂ ಓಡಿ ಬಂದಳಲ್ಲ, ಅವಳ ತಟ್ಟೆಯಿಂದ ಹನಿ ಎಲ್ಲಿ ಬಿದ್ದಿರುತ್ತದೆ. ಬಿದ್ದೇ ಇರುವುದಿಲ್ಲ. ಟೀ ಹೊತ್ತಿನಲ್ಲಿ ನಾದಿನಿಯನ್ನು ಕರೆದು, ಈ ತಟ್ಟೆ ಹಿಡ್ಕೊಂಡು ಮೇಲಕ್ಕೆ ಓಡು, ಏನೂ ಕೇಳಬೇಡ ಅಂದಳು, ಓಡಿದಳು, ಏದುಸಿರು ಬಿಡುತ್ತ ಒಲೆಗೆ ತಳ್ಳಿದಳು, ಹದಿನೆಂಟು ನಿಮಿಷಕ್ಕೆ ಚಪ್ಪಲಿ. ನಾದಿನಿ ತನ್ನ ಕೈ ಮುಂದೆ ಮಾಡಿ ನೋಡಿಕೊಂಡು, ನನ್ನ ಕೈಗುಣ ಇಷ್ಟು ಕೆಟ್ಟದಾ ಅತ್ತಿಗೆ ಅಂದಳು. ಕೈ ಅಲ್ಲ, ಓಡಿದ ಕಾಲು, ಒಲೆ ಅಕ್ಕ ಆ ಕೈಗೆ ಖಾಲಿ ತಟ್ಟೆ ಕೊಟ್ಟು ಕೆಳಕ್ಕೆ ಕಳಿಸಿದಳು. ಇಷ್ಟು ವರ್ಷದ ಹಳೇ ಗಿರಾಕಿಗಳು ಯಾಕೆ ದೂರಲಿಲ್ಲ ಅಂತ ಆಮೇಲೆ ಹೊಳೆಯಿತು, ಅವರೆಲ್ಲ ಸಣ್ಣ ಅಂಗಡಿಯವರು, ಡಬ್ಬದ ಮೇಲಿನದನ್ನು ಓದುವವರು ಯಾರು, ತಟ್ಟೆ ಹೊರಗಿಟ್ಟು, ಬಾಗಿಲು ತೆರೆದು, ಕಸ ಗುಡಿಸಿ, ಪಕ್ಕದವನ ಹತ್ತಿರ ಎರಡು ಮಾತಾಡಿ ಆಮೇಲೆ ಒಲೆ ಹಚ್ಚುವವರು, ಸೋಮಾರಿಗಳೇ ನಮ್ಮನ್ನು ಕಾಪಾಡಿದ್ದು, ಈ ಕೆಂಪು ಕನ್ನಡಕದವಳ ಜನ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು, ನೇರ ಅಂದರೆ ನೇರ, ಮುನ್ನೂರು ಅಂಗಡಿಯಲ್ಲೂ, ಅದಕ್ಕೇ ಕೆಟ್ಟಿತು.

ಎರಡು ದಿನ ಊಟ ಸೇರಲಿಲ್ಲ. ಹೇಳಿದರೆ ಅವಳ ಕೆಲಸ, ಹೇಳದಿದ್ದರೆ ನೂರ ನಲವತ್ತು ಜನರದ್ದು, ಲೆಕ್ಕ ಮಾಡಲು ಓದಿರಬೇಕಾಗಿಲ್ಲ, ಆದರೂ ಲೆಕ್ಕ ಬೇರೆ, ಎದೆ ಬೇರೆ. ಅಡುಗೆಮನೆಯಲ್ಲಿ ಅತ್ತೆ ಹೊಸ ಕಣ್ಣಿಂದ ಅವಳನ್ನೇ ನೋಡುತ್ತಿದ್ದರು, ಈ ಅತ್ತೆಯೇ ಅಲ್ಲವೇ, ಸೊಸೆ ಮನೆಗೆ ಬಂದ ತಿಂಗಳಿಗೇ ಮಾವನ ಸೈಕಲ್ ಅಂಗಡಿ ಮುಚ್ಚಿದ್ದಕ್ಕೆ ಇವಳ ಕಾಲ್ಗುಣ ನೋಡಿ ಅಂತ ಓಣಿಗೆಲ್ಲ ಹಂಚಿದವರು, ಆಮೇಲೆ ಅವಳು ಕುಂಟತೊಡಗಿದಾಗ, ನೀನು ಬಾಗಿಲು ತೆಗೆಯೋ ಹೊತ್ತಿಗೆ ಬಂದ ನೆಂಟರು ಅವರ ಊರು ಸೇರಿರ್ತಾರೆ ಅಂತ ಹಾಸ್ಯ ಮಾಡಿದವರು. ಏನಾಗಿದೆ ಹೇಳು ಅಂದರು. ಹೇಳಿದಳು, ಜಾರಿದ್ದು, ಕಿಟಕಿ, ಕಾರ್ಡು, ಎಲ್ಲ. ಅತ್ತೆ ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಲೇ, ನೀನು ಸ್ನಾನದ ಮನೇಲಿ ಬಿದ್ದಿಲ್ಲ ಅಂತ ನನಗೆ ಅವತ್ತೇ ಗೊತ್ತು, ನಮ್ಮ ಸ್ನಾನದ ಮನೇಲಿ ಬೀಳೋಕೆ ಜಾಗ ಎಲ್ಲಿದೆ, ಅಂದರು. ಔಷಧಿಗೆ ಮುಚ್ಚಳ ಹಾಕಿ, ಹೇಳಿಬಿಡು, ಸುಳ್ಳು ಹೊತ್ಕೊಂಡು ಅಷ್ಟು ಮೆಟ್ಟಿಲು ಹತ್ತೋದು ಕಷ್ಟ, ಕೈಯಲ್ಲಿ ತಟ್ಟೆ ಬೇರೆ ಇರತ್ತೆ. ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು, ಬಂದದ್ದು ಬಿಕ್ಕಳಿಕೆ.

ಮೇಡಂಗೆ ಬಾಯಲ್ಲಿ ಹೇಳಲಿಲ್ಲ. ನನ್ನ ಜೊತೆ ನಡೀರಿ ಮೇಡಂ, ನಾನು ನಡೆಯೋ ಹಾಗೇ ನಡೀರಿ, ಗಡಿಯಾರ ನೋಡ್ತಾ ಇರಿ, ಅಂದಳು. ಬೆಂಚು, ಬೂಟು, ಓಣಿ, ಹನ್ನೊಂದನೇ ಮೆಟ್ಟಿಲು, ಮೇಡಂ ಮೊದಲು ಏನು ಅಕ್ಕ ಇದು ಅನ್ನುತ್ತಿದ್ದವಳು ಕಿಟಕಿಯ ಹತ್ತಿರ ತಾನೂ ಗೋಡೆಗೆ ಬೆನ್ನು ಕೊಟ್ಟು ನಿಂತಳು, ಕಟ್ಟೆಯ ಮೇಲೆ ದುಂಡನೆಯ ಒಂದು ಕಲೆ, ಒಂಬತ್ತು ವರ್ಷ ಒಂದೇ ಕಡೆ ಹನಿ ಬಿದ್ದು ಬಣ್ಣ ತಿಂದ ಕಲೆ, ಮೇಡಂ ಅದನ್ನು ಬೆರಳಿಂದ ಮುಟ್ಟಿದಳು, ಎಷ್ಟು ವರ್ಷದಿಂದ ಅಂತ ಮಾತ್ರ ಕೇಳಿದಳು. ಒಲೆಗೆ ಇಡುವಾಗ ಗಡಿಯಾರದಲ್ಲಿ ಇಪ್ಪತ್ತು ನಿಮಿಷ. ಯಜಮಾನರ ಎದುರು ಮೇಡಂ ಅವಳ ಪಕ್ಕದಲ್ಲೇ ನಿಂತಳು, ಹಿಂದೆ ಸರಿಯಲಿಲ್ಲ, ಆ ಋಣ ದೊಡ್ಡದು. ಯಜಮಾನರು ಎಲ್ಲ ಕೇಳಿ, ಅಂದರೆ ಕಾರ್ಡೆಲ್ಲ ಸುಳ್ಳು ಅಂದರು. ಸುಳ್ಳೇ ಸರ್ ಅಂದಳು, ಹಾಗಂದ ಮೇಲೆ ಯಾಕೋ ಮೈ ಹಗುರವಾಯಿತು. ಅವರು ಕಿಟಕಿಯತ್ತ ತಿರುಗಿ ನಿಂತು ಹೇಳಿದ್ದಿಷ್ಟೇ, ಅಲ್ಲಿ ಅವರ ಒಲೇಲಿ ಉಬ್ಬಿದರೆ ಮಾತಾಡೋಣ, ಉಬ್ಬದೇ ಇದ್ದರೆ ಮಾತಾಡೋಕೆ ಏನೂ ಇರಲ್ಲ, ಲೈನೂ ಇರಲ್ಲ, ನೀವೂ ಇರಲ್ಲ — ಇಪ್ಪತ್ತು. ಇಪ್ಪತ್ತಾಯಿತು ಅಂತ ಮೇಡಂ ಆಚೆಯವರ ಭಾಷೆಯಲ್ಲಿ ಹೇಳುತ್ತಿದ್ದಾಳೆ, ಏಪ್ರನ್‌ನವನು ಎದ್ದ, ತಟ್ಟೆ ಎತ್ತಿದ, ಎತ್ತುವಾಗ ಓರೆಯಾಯಿತು, ಓರೆಯಾದಾಗ ಅಂಚಿನಿಂದ ಏನೋ ಮಿನುಗಿ ಜಾರಿತು, ಬಿತ್ತು, ಬಿತ್ತಲ್ಲ, ನೋಡಿದಿರಾ, ಯಾರೂ ನೋಡಲಿಲ್ಲ, ಅವನು ತೊಡೆಗೆ ಕೈ ಒರೆಸಿಕೊಂಡ, ಒಲೆಯ ಬಾಗಿಲು ಮುಚ್ಚಿತು.

ಇನ್ನು ಹದಿನೆಂಟು. ಒಲೆಯ ಗಾಜಿಗೆ ಕ್ಯಾಮೆರಾ ಹಿಡಿದಿದ್ದಾರೆ, ಹಳದಿ ಬೆಳಕು, ಅವಳಿಗೆ ಈಗ ಭಯವಿಲ್ಲ, ಇದೆ, ಇಲ್ಲ, ಹನಿ ಬಿದ್ದಾಗಿದೆ, ಆದರೆ ಅವರ ಒಲೆ ಬೇರೆ, ಗಾಳಿ ಬೇರೆ, ನೀರು ಬೇರೆ, ಬೆಳಿಗ್ಗೆ ಡಬ್ಬದಲ್ಲಿ ಬರೆದ ಹಾಗೆ ನೇರವಾಗಿ ಸುಟ್ಟ ತಟ್ಟೆ ಅಲ್ಲೇ ಪಕ್ಕದಲ್ಲಿ ಬಿದ್ದಿದೆ, ಹನ್ನೆರಡು ಚಪ್ಪಲಿ, ನಾಲ್ಕನೇ ನಿಮಿಷ ಏನೂ ಇಲ್ಲ, ಆರನೇ ನಿಮಿಷ ಬೆಣ್ಣೆ ಕರಗಿ ತಳದಲ್ಲಿ ಗುಳ್ಳೆ, ಏಳು, ಯಜಮಾನರ ಕಾಲು ಮೇಜಿನ ಕೆಳಗೆ ಕುಣಿಯುತ್ತಿದೆ, ಎಂಟು, ಏಳೇ ಎದ್ದೇಳೇ ನನ್ನವ್ವ ಅಂತ ಅವಳು ತುಟಿಯಲ್ಲೇ ಅನ್ನುತ್ತಾಳೆ, ಮಗಳನ್ನು ಶಾಲೆಗೆ ಎಬ್ಬಿಸುತ್ತಿದ್ದ ಧಾಟಿಯಲ್ಲೇ, ಒಂಬತ್ತಕ್ಕೆ ಅಂಚಿನ ಕೊಂಬಿನ ಬೆನ್ನು ಅಲುಗಿತು, ಅಲುಗಿ ಬಿರಿಯಿತು, ಪದರ ಪದರದಿಂದ ಬಿಟ್ಟುಕೊಂಡು ಮೇಲೆದ್ದಿತು, ಅದರ ಪಕ್ಕದ್ದು, ಅದರ ಪಕ್ಕದ್ದು, ಸಾಲು ಸಾಲೇ ಎದ್ದು ಕೂತಿತು, ಹನ್ನೆರಡೂ, ಮೇಡಂ ಅವಳ ಕೈ ಹಿಡಿದುಕೊಂಡಿದ್ದಾಳೆ, ಯಾವಾಗ ಹಿಡಿದಳೋ, ಉಗುರು ನಾಟುತ್ತಿದೆ, ನಾಟಲಿ. ಹದಿನೆಂಟಕ್ಕೆ ತೆಗೆದರು. ಪರದೆಗೆ ಮೂಗಿಲ್ಲ, ಆದರೂ ಅವಳ ಮೂಗಿಗೆ ಬಂತು. ಕೆಂಪು ಕನ್ನಡಕದವಳು ಒಂದನ್ನು ಮುರಿದು ಕ್ಯಾಮೆರಾಕ್ಕೆ ಒಡ್ಡಿದಳು, ಒಳಗೆ ಜೇನುಗೂಡು, ಅವಳು ಕಚ್ಚಿದಳು, ಅಗಿದಳು, ಮಡಿಲಿಗೆಲ್ಲ ಪುಡಿ ಉದುರಿಸಿಕೊಂಡು ಏನೋ ಕೇಳಿದಳು, ಮೇಡಂ ತಿರುಗಿ ಹೇಳಿದಳು, ಇಪ್ಪತ್ತೇ ನಿಮಿಷ ಅಂತ ಯಾರು ಕಂಡುಹಿಡಿದದ್ದು ಅಂತ ಕೇಳ್ತಿದ್ದಾರೆ, ಯಾವ ಲ್ಯಾಬು. ಯಜಮಾನರು ಏನು ಬೇಕಾದರೂ ಹೇಳಬಹುದಿತ್ತು, ನಮ್ಮ ಸಂಶೋಧನೆ ಅನ್ನಬಹುದಿತ್ತು, ಅವರು ಎದ್ದು ನಿಂತು, ನಮ್ಮ ಒಲೆ ಅಕ್ಕನ ಮಂಡಿ ಅಂತ ಹೇಳಿ, ಅಂದರು. ಮೇಡಂ ಹೇಳಿದಳು. ಆಚೆಯವರು ಮೂವರೂ ಮುಖ ಮುಖ ನೋಡಿಕೊಂಡರು, ಇನ್ನೊಮ್ಮೆ ಹೇಳಿ ಅಂದರಂತೆ, ಮೇಡಂ ಇನ್ನೊಮ್ಮೆ ಹೇಳಿ ತನ್ನ ಮಂಡಿ ತಟ್ಟಿ ತೋರಿಸಿದಳು.

ಮೂರನೇ ಲೈನ್ ನಡೆಯುತ್ತದೆ. ಅದನ್ನು ಯಜಮಾನರು ಪರದೆ ಆರಿದ ಮೇಲೆ ಹೇಳಿದರು, ಡಬ್ಬದ ಮೇಲೆ ಹೊಸ ಸಾಲು, ಒಲೆಗೆ ಇಡುವ ಮೊದಲು ಇಪ್ಪತ್ತು ನಿಮಿಷ ಹೊರಗಿಡಿ, ಆಮೇಲೆ ಅವಳ ಕಡೆ ತಿರುಗಿದರು, ನಾಳೆಯಿಂದ ನೀವು ಲಿಫ್ಟಲ್ಲಿ ಬನ್ನಿ, ಮಾಲಿಗಿಂತ ನೀವು ಕಡಿಮೆಯೇನಲ್ಲ, ಕೊಂಬು ಬೇಕಾದರೆ ಕಟ್ಟೆ ಮೇಲೆ ಕೂತಿರಲಿ, ಆದರೆ ಹಳೇ ಕಾರ್ಡು ಎಲ್ಲ ತಿದ್ದಬೇಕು, ಒಂಬತ್ತು ವರ್ಷದ್ದು, ಒಂದೊಂದಾಗಿ, ನಿಮ್ಮ ಕೈಯಿಂದಲೇ, ಕೂತ್ಕೊಂಡು ಬರೀರಿ. ಶಿಕ್ಷೆಯೋ ಉಡುಗೊರೆಯೋ, ಎರಡೂ ಇರಬಹುದು, ಅವಳಿಗೆ ಎರಡೂ ಬೇಕಾಗಿತ್ತು. ಗಾಜಿನಾಚೆ ಓಣಿಯಲ್ಲಿ ಸುದ್ದಿ ಆಗಲೇ ಓಡಿದೆ, ಟೋಪಿ ಹಾಕಿದ ತಲೆಗಳು, ಎಲ್ಲಕ್ಕಿಂತ ಮುಂದೆ ನಾದಿನಿ, ಎರಡೂ ಕೈ ಮೇಲೆತ್ತಿ ಬಾಯಿ ಅಗಲಿಸಿ ಏನೋ ಕೂಗುತ್ತಿದ್ದಾಳೆ, ಗಾಜು ದಾಟಿ ಕೇಳುತ್ತಿಲ್ಲ, ಆದರೆ ಆ ತುಟಿ ಗೊತ್ತು, ಗೇಟಿನೊಳಗೇ ಅತ್ತಿಗೆ ಅನ್ನುತ್ತಿದ್ದಾಳೆ, ನಮ್ಮ ಅತ್ತಿಗೆ, ನಮ್ಮ ಅತ್ತಿಗೆ, ಕೈಗುಣ ಹೋಯಿತು, ಹೋಗಲಿ, ಸ್ವಲ್ಪ ಹೊಟ್ಟೆಯುರಿಯುತ್ತದೆ, ಸುಳ್ಳು ಯಾಕೆ ಹೇಳಲಿ, ಇನ್ನು ಸುಳ್ಳು ಸಾಕು, ಇಷ್ಟು ವರ್ಷ ಕೈ ನೋಡಿಕೊಂಡು ಹಿಗ್ಗಿದಳಲ್ಲ, ಹಿಗ್ಗಬೇಕಾದದ್ದು ಇದು, ಮೇಜಿನ ಕೆಳಗೆ ಊದಿಕೊಂಡು ಕೂತಿರುವ ಇದು, ಮನೆಗೆ ಹೋದ ಕೂಡಲೇ ಅತ್ತೆಯ ಎದುರು ಕಾಲು ಚಾಚಿ ಕೂರಬೇಕು, ನೋಡಿ, ಹೊಸ ಕಣ್ಣಿಂದ ಚೆನ್ನಾಗಿ ನೋಡಿ ಅನ್ನಬೇಕು, ಅವರೇನಂತಾರೆ, ಎಣ್ಣೆ ತರ್ತೀನಿ ಇರು ಅಂತಾರೆ, ತಡ ಮಾಡಿಯೇ ತರುತ್ತಾರೆ, ತರಲಿ, ನಿಧಾನವಾಗಿ ಬರಲಿ ಎಲ್ಲ, ಇನ್ನು ಮುನ್ನೂರು ಅಂಗಡಿ ಅವಳಿಗಾಗಿ ನಿಲ್ಲುತ್ತವೆ, ದಿನವೂ, ಅವಳ ಹೆಸರು ಗೊತ್ತಿಲ್ಲದ ಜನ ಬೆಳಿಗ್ಗೆ ತಟ್ಟೆ ಹೊರಗಿಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಅವಳು ನಿಂತ ಹಾಗೆಯೇ, ಅವಳ ನೋವು ಇಳಿಯುವಷ್ಟೇ ಹೊತ್ತು — ಏಳಿ ಅಕ್ಕ ಅಂತ ಮೇಡಂ ಕೈ ಕೊಡುತ್ತಿದ್ದಾಳೆ, ಏಳುತ್ತೇನೆ, ಒಂದು ನಿಮಿಷ, ಬಿಸಿಲು, ಕಿಟಕಿಯ ಕಟ್ಟೆ, ತಟ್ಟೆಯ ಅಂಚು, ಅಂಚಿನಲ್ಲಿ ಹನಿ, ತೂಗುತ್ತಿದೆ, ತೂಗುತ್ತಿದೆ, ಬಿತ್ತು.